ಹಾಸಿಗೆಯಿಂದ ಬಚ್ಚಲಿಗೆ 22 ಹೆಜ್ಜೆ: ಹಳ್ಳಿಯ ಹಿರಿಯರಿಗೆ ಮನೆಯಲ್ಲೇ ಆರೈಕೆ ಸಿಗುವುದು ಹೇಗೆ?

ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ ನಮ್ಮ ಅಜ್ಜಿ ಬಿದ್ದರು. ಕಾರ್ಕಳ ತಾಲೂಕಿನ ಹಳ್ಳಿ ನಮ್ಮದು. ಮನೆ ತೋಟದ ನಡುವೆ, ಬಚ್ಚಲು ಮನೆಯ ಹಿಂಬದಿಗೆ. ಮೂರು ಗಂಟೆ ಹೊತ್ತಿಗೆ ಮೂತ್ರಕ್ಕೆಂದು ಎದ್ದಿದ್ದಾರೆ. ತಲೆ ಸುತ್ತಿದೆ, ಹೊಸ್ತಿಲು ದಾಟುವಾಗ ಕಾಲು ಜಾರಿದೆ. ಬಲಗಡೆ ಸೊಂಟದ ಮೂಳೆ ಮುರಿಯಿತು. ಆಗ ಅವರಿಗೆ 81 ವರ್ಷ.

ಆಪರೇಷನ್ ಚೆನ್ನಾಗಿಯೇ ಆಯಿತು. ಒಂಬತ್ತನೇ ದಿನ ಡಿಸ್ಚಾರ್ಜ್. ಕೈಗೆ ಕೊಟ್ಟ ಕಾಗದದಲ್ಲಿ ಮಾತ್ರೆಗಳ ಪಟ್ಟಿ ಇತ್ತು. ಕೊನೆಯ ಸಾಲಿನಲ್ಲಿ ವ್ಯಾಯಾಮ ಮುಂದುವರಿಸಿ ಎಂದು ಬರೆದಿತ್ತು. ಯಾವ ವ್ಯಾಯಾಮ, ಯಾರು ಮಾಡಿಸಬೇಕು ಅಂತ ಇರಲಿಲ್ಲ. ಮನೆಗೆ ಎಷ್ಟು ಮೆಟ್ಟಿಲು, ಕಕ್ಕಸು ಒಳಗೋ ಹೊರಗೋ, ಹಗಲು ಹೊತ್ತು ಅಜ್ಜಿ ಜೊತೆ ಯಾರಿರುತ್ತಾರೆ ಅಂತ ಯಾರೂ ಕೇಳಲಿಲ್ಲ. ಹೇಳಬೇಕು ಅಂತ ನಮಗೂ ಹೊಳೆಯಲಿಲ್ಲ. ಆಮೇಲೆ ಒಂದು ದಿನ ನಾನೇ ಎಣಿಸಿದೆ. ಅಜ್ಜಿಯ ಹಾಸಿಗೆಯಿಂದ ಬಚ್ಚಲಿಗೆ 22 ಹೆಜ್ಜೆ. ನಡುವೆ ಎರಡು ಹೊಸ್ತಿಲು, ಒಂದು ಮೆಟ್ಟಿಲು.

ವಯಸ್ಸಾದವರ ಆರೋಗ್ಯ ಅಂದರೆ ಮುಕ್ಕಾಲು ಪಾಲು ಈ 22 ಹೆಜ್ಜೆಯ ವಿಷಯ. ಅದು ಆಸ್ಪತ್ರೆಯ ಕಣ್ಣಿಗೆ ಬೀಳುವುದಿಲ್ಲ. ಮನೆಗೆ ಬಂದು ನೋಡಿದವರಿಗೆ ಮಾತ್ರ ಕಾಣುತ್ತದೆ.

ಆಸ್ಪತ್ರೆಗಳಿಗೆ ನಮ್ಮ ಕರಾವಳಿಯಲ್ಲಿ ಬರ ಇಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ 1848ರದ್ದು. ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದದ್ದು 1953ರಲ್ಲಿ. ಘಟ್ಟದ ಮೇಲಿನಿಂದ, ಕೇರಳದಿಂದ ಜನ ಇಲ್ಲಿಗೆ ಬರುತ್ತಾರೆ. ಹಾಗಾಗಿ ಆರೋಗ್ಯ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಆಸ್ಪತ್ರೆಯ ಕಟ್ಟಡ. ಮುರಿದ ಮೂಳೆ ಕೂಡಿಸಲು ಅದು ಬೇಕೇ ಬೇಕು. ಆದರೆ ಅಜ್ಜಿ ಅಲ್ಲಿದ್ದದ್ದು ಎಂಟೊಂಬತ್ತು ದಿನ. ವರ್ಷದ ಉಳಿದ ದಿನಗಳೆಲ್ಲ ಮನೆಯಲ್ಲೇ, ಅಲ್ವಾ?

ಕರಾವಳಿಯ ಹಳ್ಳಿ ಬೇರೆ ಕಡೆಯ ಹಳ್ಳಿಗಳ ಹಾಗಿಲ್ಲ ಅನ್ನುವುದನ್ನೂ ಇಲ್ಲಿ ಹೇಳಬೇಕು. ಬಯಲುಸೀಮೆಯಲ್ಲಿ ಮನೆಗೆ ಮನೆ ತಾಗಿಕೊಂಡು ಒಂದು ಕೇರಿ ಇರುತ್ತದೆ. ಅಜ್ಜ ಎರಡು ದಿನ ಕಟ್ಟೆಗೆ ಬರದಿದ್ದರೆ ಯಾರಾದರೂ ಕೇಳುತ್ತಾರೆ. ನಮ್ಮಲ್ಲಿ ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ಗದ್ದೆಯಾಚೆ. ನಡುವೆ ತೋಡು, ಅಂದರೆ ಸಣ್ಣ ಹಳ್ಳ, ಅದಕ್ಕೊಂದು ಸಂಕ, ಅಂದರೆ ಕಾಲುಸೇತುವೆ. ಮಳೆಗಾಲದಲ್ಲಿ ತೋಡು ತುಂಬಿ ಸಂಕ ದಾಟುವುದು ಕಷ್ಟವಾದರೆ ಆಚೆ ಮನೆಯವರ ಮುಖ ನೋಡಲು ವಾರ ಹಿಡಿಯುತ್ತದೆ. ಮಕ್ಕಳು ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ಗಲ್ಫ್‌ನಲ್ಲಿ. ದೊಡ್ಡ ಮನೆಯಲ್ಲಿ ಇಬ್ಬರು, ಕೆಲವು ಕಡೆ ಒಬ್ಬರೇ. ಆಸ್ಪತ್ರೆಗೆ ಹೋಗಬೇಕೆಂದರೆ ಗುಡ್ಡ ಇಳಿದು ರಸ್ತೆಗೆ ಬರಬೇಕು, ಆಮೇಲೆ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಬೇಕು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ, ನಿಜ. ಆದರೆ ನಮ್ಮ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಸರ್ವಿಸ್ ಬಸ್ಸು. ಮೊಣಕಾಲು ನೋವಿನವರು ಇದನ್ನೆಲ್ಲ ಲೆಕ್ಕ ಹಾಕಿ, "ನಂಗೆಂತ ಆಗಿದೆ? ಮುಂದಿನ ತಿಂಗಳು ಹೋದರಾಯ್ತು" ಅನ್ನುತ್ತಾರೆ.

ಈ ಮಾತಿಗೆ ಉತ್ತರವಾಗಿ ಹುಟ್ಟಿದ್ದೇ ಸಮುದಾಯ ಆಧಾರಿತ ಮನೆ ಆರೈಕೆ. ಹೆಸರು ಉದ್ದ, ಅರ್ಥ ಸುಲಭ. ಹಿರಿಯರು ಆಸ್ಪತ್ರೆಗೆ ಹೋಗುವ ಬದಲು ಆರೈಕೆ ಅವರ ಮನೆಗೆ ಬರುತ್ತದೆ. ತರುವವರು ಅದೇ ಊರಿನವರು.

ಹಾಗಾದರೆ ಅದು ಹೋಮ್ ನರ್ಸ್ ಇಟ್ಟುಕೊಂಡ ಹಾಗೆಯೇ ಅಂತ ಕೇಳಬಹುದು. ಅಲ್ಲ. ಹೋಮ್ ನರ್ಸ್ ಅಂತ ನಾವು ಕರೆಯುವವರಲ್ಲಿ ಎಷ್ಟೋ ಮಂದಿ ನರ್ಸಿಂಗ್ ಕಲಿತವರಲ್ಲ. ಏಜೆನ್ಸಿಯ ಮೂಲಕ ಬಂದು, ಮನೆಯಲ್ಲೇ ಉಳಿದು, ಹಗಲು ರಾತ್ರಿ ನೋಡಿಕೊಳ್ಳುತ್ತಾರೆ. ಅವರ ಕೆಲಸ ದೊಡ್ಡದು, ಅದಕ್ಕೆ ನನ್ನ ನಮಸ್ಕಾರ ಇದೆ. ಆದರೆ ತಿಂಗಳ ಸಂಬಳ ಕೊಡುವ ಶಕ್ತಿ ಬೀಡಿ ಕಟ್ಟಿ ಬದುಕಿದ ಮನೆಗೆ ಎಲ್ಲಿಂದ ಬರಬೇಕು? ಸಮುದಾಯದ ಆರೈಕೆಯಲ್ಲಿ ಯಾರೂ ಬಂದು ಮನೆಯಲ್ಲಿ ಉಳಿಯುವುದಿಲ್ಲ. ತರಬೇತಿ ಇರುವ ಒಬ್ಬರು ಗೊತ್ತಾದ ದಿನಕ್ಕೆ ಬಂದು ಹೋಗುತ್ತಾರೆ. ಅವರು ನೋಡುತ್ತಾರೆ, ಅಳೆಯುತ್ತಾರೆ, ಮನೆಯವರಿಗೆ ಕಲಿಸುತ್ತಾರೆ, ತಮ್ಮ ಕೈಮೀರಿದ್ದನ್ನು ಮೇಲಿನವರಿಗೆ ತಿಳಿಸುತ್ತಾರೆ. ದಿನದಿನದ ಕೆಲಸ ಮನೆಯವರದು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬರುವವರು ಆಶಾ ಕಾರ್ಯಕರ್ತೆ ಅಥವಾ ತರಬೇತಿ ಪಡೆದ ಊರವರು. ಅವರ ಹಿಂದೆ ಉಪಕೇಂದ್ರದ ನರ್ಸ್ ಅಥವಾ ಸಮುದಾಯ ಆರೋಗ್ಯ ಅಧಿಕಾರಿ, ಅವರ ಹಿಂದೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು. ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಎಲ್ಲ ಕೆಟ್ಟಿತು. ಆಶಾ ಬಂದು ಬಿಪಿ ಜಾಸ್ತಿ ಇದೆ ಅಂದು, ಆಮೇಲೆ ಡಾಕ್ಟರಿಗೆ ಅದು ಮುಟ್ಟದಿದ್ದರೆ ಬಂದು ಏನು ಪ್ರಯೋಜನ?

ಗೊತ್ತಾದ ದಿನ ಅನ್ನುವುದೇ ಇದರ ಜೀವ. ಕಾಯಿಲೆ ಬಂದಾಗ ಬರುವುದು ಒಂದು, ಏನೂ ಆಗದಿದ್ದರೂ ಬರುವುದು ಇನ್ನೊಂದು. ಇದು ನಮಗೆ ಹೊಸದೇನಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಮಗುವನ್ನು ನೋಡಲು ಆಶಾ ಎಷ್ಟು ಸಲ ಬರಬೇಕು ಗೊತ್ತೇ? 3, 7, 14, 21, 28 ಮತ್ತು 42ನೇ ದಿನ. ಒಟ್ಟು ಆರು ಸಲ. ಮಗು ಗುಂಡುಗುಂಡಾಗಿ ಇದ್ದರೂ ಬರಬೇಕು. ತೂಕ ನೋಡಬೇಕು, ಮೈ ಮುಟ್ಟಿ ಬಿಸಿ ನೋಡಬೇಕು, ತಾಯಿ ಹೇಗಿದ್ದಾಳೆ ಕೇಳಬೇಕು. 2005ರಲ್ಲಿ ಆಶಾ ವ್ಯವಸ್ಥೆ ಬಂದ ಮೇಲೆ ಇದು ಹಳ್ಳಿಹಳ್ಳಿಗೂ ರೂಢಿಯಾಯಿತು. ಅದೇ ಮನೆಗೆ ಸೊಂಟ ಮುರಿದುಕೊಂಡ ಅಜ್ಜಿ ವಾಪಸ್ ಬಂದರೆ 3ನೇ ದಿನ ಯಾರು ಬರುತ್ತಾರೆ? 7ನೇ ದಿನ? ಮಗುವಿಗೆ ಮಾಡಿ ತೋರಿಸಿದ್ದನ್ನು ಅಜ್ಜಿಗೂ ಮಾಡಬಹುದು. ನಾನು ಹೇಳಬೇಕು ಅಂತಿರುವುದು ಇಷ್ಟೇ.

ಕಾಗದದ ಮೇಲೆ ಅರ್ಧ ದಾರಿ ಆಗಲೇ ಬಂದಿದ್ದೇವೆ. ಹಿರಿಯರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2010–11ರಲ್ಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ 10 ಹಾಸಿಗೆಯ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಹಿರಿಯರ ಕ್ಲಿನಿಕ್, ಮನೆಯಿಂದ ಹೊರಬರಲಾಗದವರಿಗೆ ಉಪಕೇಂದ್ರದವರ ಮನೆ ಭೇಟಿ, ಇವೆಲ್ಲ ಅದರಲ್ಲೇ ಇವೆ. 30 ದಾಟಿದವರ ಮನೆಗೆ ಆಶಾ ತರುವ ಫಾರ್ಮಿನಲ್ಲಿ 60 ದಾಟಿದವರಿಗೆ ಬೇರೆ ಪ್ರಶ್ನೆಗಳಿವೆ. ನಿಲ್ಲುವಾಗ ನಡೆಯುವಾಗ ಓಲಾಡುತ್ತದೆಯೇ, ದಿನದ ಕೆಲಸಕ್ಕೆ ಬೇರೆಯವರ ಸಹಾಯ ಬೇಕೇ, ಹತ್ತಿರದವರ ಹೆಸರು ಅಥವಾ ಮನೆಯ ವಿಳಾಸ ಮರೆತುಹೋಗುತ್ತದೆಯೇ? ಮೂರೂ ಚಿನ್ನದಂಥ ಪ್ರಶ್ನೆಗಳು. 2024ರಲ್ಲಿ ಕೋಲಾರದಲ್ಲಿ ಶುರುವಾದ ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲೂ ಬಿಪಿ, ಸಕ್ಕರೆ ಕಾಯಿಲೆಗಳನ್ನು ಮನೆಬಾಗಿಲಲ್ಲೇ ನೋಡುವ ಏರ್ಪಾಡು ಇದೆ. ಮುಂದಿನ ಸಲ ಆಶಾ ಬಂದಾಗ ಅಜ್ಜ ಅಜ್ಜಿಯನ್ನು ಒಳಕೋಣೆಯಿಂದ ಕರೆದು ಕೂರಿಸಿ. "ಅವರಿಗೆ ವಯಸ್ಸಾಯ್ತಲ್ಲ, ಇರುವುದೇ ಹಾಗೆ" ಅಂತ ನೀವೇ ಉತ್ತರ ಹೇಳಿ ಕಳಿಸಬೇಡಿ.

ಮೊದಲು ನೋಡಬೇಕಾದದ್ದು ಏನು?

ಡಾಕ್ಟರು ಕಾಯಿಲೆಯ ಹೆಸರು ಹುಡುಕುತ್ತಾರೆ. ಮನೆ ಆರೈಕೆಗೆ ಬರುವವರು ಬೇರೆ ಪ್ರಶ್ನೆ ಕೇಳುತ್ತಾರೆ: ದಿನ ಹೇಗೆ ಸಾಗುತ್ತದೆ? ಅದಕ್ಕೆ ಒಂದು ಹಳೆಯ ಅಳತೆ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಸಿಡ್ನಿ ಕಾಟ್ಜ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 1963ರಲ್ಲಿ ಅದನ್ನು ಪ್ರಕಟಿಸಿದರು. ಅವರು ನೋಡುತ್ತಿದ್ದವರಲ್ಲಿ ಸೊಂಟದ ಮೂಳೆ ಮುರಿದ ಮುದುಕರು ಇದ್ದರು, ನಮ್ಮ ಅಜ್ಜಿಯ ಹಾಗೆ. ಆರು ಕೆಲಸಗಳ ಮೇಲೆ ಅವರು ಕಣ್ಣಿಟ್ಟರು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಕಕ್ಕಸಿಗೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ತುತ್ತನ್ನು ತಾನೇ ಬಾಯಿಗಿಡುವುದು. ಶಕ್ತಿ ಕುಂದುವಾಗ ಸಾಮಾನ್ಯವಾಗಿ ಸ್ನಾನ ಮೊದಲು ಕೈತಪ್ಪುತ್ತದೆ, ಊಟ ಕೊನೆಗೆ. ಚೇತರಿಸಿಕೊಳ್ಳುವಾಗ ಊಟ ಮೊದಲು ಬರುತ್ತದೆ, ಸ್ನಾನ ಕೊನೆಗೆ. ಮಗು ಬೆಳೆಯುತ್ತ ಒಂದೊಂದೇ ಕಲಿಯುವ ಕ್ರಮವೂ ಸುಮಾರಾಗಿ ಅದೇ ಅಂತ ಅವರು ಗಮನಿಸಿದ್ದರು. ಇನ್ನೊಂದು ಸಣ್ಣ ಸಂಗತಿ ನನಗೆ ತುಂಬ ಹಿಡಿಸಿತು. ಬೆನ್ನು ಉಜ್ಜಲು ಮಾತ್ರ ಯಾರಾದರೂ ನೆರವಾದರೆ ಅದನ್ನು ಸಹಾಯ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾನೇ ಸ್ನಾನ ಮಾಡಿದ ಹಾಗೆಯೇ.

ಅಂದರೆ ಅಜ್ಜಿ ಸ್ನಾನ ತಪ್ಪಿಸುತ್ತಿದ್ದಾರೆ, "ಇವತ್ತು ಬೇಡ, ಚಳಿ" ಅನ್ನುತ್ತಿದ್ದಾರೆ ಅಂದರೆ ಅದನ್ನು ಸೋಮಾರಿತನ ಅಂದುಕೊಳ್ಳಬಾರದು. ಬಚ್ಚಲಿನಲ್ಲಿ ಬಿದ್ದೇನು ಅನ್ನುವ ಹೆದರಿಕೆ ಇರಬಹುದು, ಚೊಂಬು ಎತ್ತಲು ಭುಜ ಏಳದಿರಬಹುದು. ಮುಂದೆ ಬರುವುದರ ಮೊದಲ ಸೂಚನೆ ಅದು.

ವಿಶ್ವ ಆರೋಗ್ಯ ಸಂಸ್ಥೆಯೂ ಹಳ್ಳಿಯ ಕಾರ್ಯಕರ್ತೆ ಮನೆಯಲ್ಲೇ ಮಾಡಬಹುದಾದ ಕೆಲವು ಪರೀಕ್ಷೆಗಳನ್ನು ಹೇಳಿದೆ. ಯಂತ್ರ ಬೇಡ, ಒಂದು ಕುರ್ಚಿ, ಒಂದು ಗಡಿಯಾರ ಇದ್ದರೆ ಸಾಕು. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 14 ಸೆಕೆಂಡ್‌ಗಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಗ್ಗಿದೆ ಅಂತ. ಮೂರು ತಿಂಗಳಲ್ಲಿ ಪ್ರಯತ್ನ ಮಾಡದೆಯೇ 3 ಕಿಲೋಗಿಂತ ಜಾಸ್ತಿ ಇಳಿದರೆ ಊಟದ ಕಡೆ ನೋಡಬೇಕು. ಮೂರು ಶಬ್ದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ವಾಪಸ್ ಕೇಳಿದರೆ ನೆನಪಿನ ಸ್ಥಿತಿ ಗೊತ್ತಾಗುತ್ತದೆ. ಹಿಂದೆ ನಿಂತು ಪಿಸುಗುಟ್ಟಿದರೆ ಕಿವಿಯದು. ಕಣ್ಣು ಮತ್ತು ಮನಸ್ಸು ಉಳಿದೆರಡು. ಇದರಲ್ಲಿ ಎಷ್ಟೋ ಸರಿಪಡಿಸಬಹುದಾದವೇ. ಕಣ್ಣಿನ ಪೊರೆ ತೆಗೆಸಿದರೆ ಮೆಟ್ಟಿಲು ಕಾಣುತ್ತದೆ. ಮೆಟ್ಟಿಲು ಕಂಡರೆ ಬೀಳುವುದು ಕಡಿಮೆಯಾಗುತ್ತದೆ.

ಬಿಸ್ಕತ್ತಿನ ಡಬ್ಬಿ

ನಮ್ಮ ಮನೆಗೆ ಬಂದವರು ಆರೋಗ್ಯ ಇಲಾಖೆಯಿಂದ ನಿವೃತ್ತರಾದ ಒಬ್ಬ ನರ್ಸ್. ಗದ್ದೆಯಾಚೆ ಮನೆ. ಊರಿಗೆಲ್ಲ ಅವರು ಸಿಸ್ಟರ್. ಸುದ್ದಿ ಕೇಳಿ ಸುಮ್ನೆ ಮಾತಾಡಿಸಿ ಹೋಗಲು ಬಂದವರು, ಆಮೇಲೆ ಪ್ರತಿ ಮಂಗಳವಾರ, ಶುಕ್ರವಾರ ಬರತೊಡಗಿದರು. ಮೊದಲ ದಿನವೇ "ಅಜ್ಜಿಯ ಮಾತ್ರೆ ಎಲ್ಲುಂಟು?" ಅಂತ ಕೇಳಿದರು. ಅಮ್ಮ ಬಿಸ್ಕತ್ತಿನ ತಗಡಿನ ಡಬ್ಬಿ ತಂದುಕೊಟ್ಟರು. ಸಿಸ್ಟರ್ ಅದನ್ನು ಚಾಪೆಯ ಮೇಲೆ ಬೋರಲು ಹಾಕಿದರು. ಮೂವರು ಡಾಕ್ಟರು ಬೇರೆ ಬೇರೆ ವರ್ಷಗಳಲ್ಲಿ ಕೊಟ್ಟದ್ದೆಲ್ಲ ಅದರಲ್ಲಿತ್ತು. ಎರಡು ಬೇರೆ ಹೆಸರಿನ ಪಟ್ಟಿಗಳ ಹಿಂದೆ ಸಣ್ಣ ಅಕ್ಷರದಲ್ಲಿದ್ದ ಮದ್ದಿನ ಹೆಸರು ಒಂದೇ. ಬಿಪಿಯ ಮಾತ್ರೆ. ಅಜ್ಜಿ ಎರಡನ್ನೂ ತೆಗೆದುಕೊಳ್ಳುತ್ತಿದ್ದರು.

ಆಪರೇಷನ್ ಆದವರನ್ನು ನಿಲ್ಲಿಸಬಹುದಾದ ದಿನ ಬಂದ ಮೇಲೆ ಸಿಸ್ಟರ್ ಬಿಪಿಯನ್ನು ಎರಡು ಸಲ ನೋಡಿದರು. ಮಲಗಿಸಿ ಐದು ನಿಮಿಷ ಬಿಟ್ಟು ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಮ್ಮೆ. ನಿಂತಾಗ ಮೇಲಿನ ಸಂಖ್ಯೆ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ಅದು ಬೀಳುವ ಅಪಾಯ. ಮಲಗಿದ್ದಾಗ ರಕ್ತ ಮೈಯೆಲ್ಲ ಸಮನಾಗಿ ಇರುತ್ತದೆ. ಎದ್ದ ಕೂಡಲೇ ಕಾಲಿಗೆ ಇಳಿಯುತ್ತದೆ. ಎಳೆಯರಲ್ಲಿ ರಕ್ತನಾಳ ತಕ್ಷಣ ಬಿಗಿದು ಅದನ್ನು ಮೇಲಕ್ಕೆ ಕಳಿಸುತ್ತದೆ. ವಯಸ್ಸಾದವರಲ್ಲಿ ಈ ಬಿಗಿತ ತಡವಾಗುತ್ತದೆ, ಮಾತ್ರೆ ಜಾಸ್ತಿಯಾದರೆ ಇನ್ನೂ ತಡ. ಆ ಎರಡು ಕ್ಷಣ ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ. ರಾತ್ರಿ ಮೂರು ಗಂಟೆಗೆ ಅಜ್ಜಿಗೆ ಆದದ್ದು ಅದೇ ಇರಬೇಕು. ಡಾಕ್ಟರು ಒಂದು ಮಾತ್ರೆ ಬಿಡಿಸಿದರು. ನಾವಾಗಿ ನಿಲ್ಲಿಸಿದ್ದಲ್ಲ, ಅದು ಮುಖ್ಯ. ಬಿಪಿ ಮಾತ್ರೆಯನ್ನು ಕೇಳದೆ ಬಿಟ್ಟರೆ ಲಕ್ವ ಹೊಡೆಯುವ ಭಯ ಇದೆ. ಅಂದಿನಿಂದ ಅಜ್ಜಿಗೆ ಒಂದು ಪಾಠ: ಎದ್ದ ಮೇಲೆ ಹಾಸಿಗೆಯ ಅಂಚಲ್ಲಿ ಕಾಲು ಇಳಿಬಿಟ್ಟು ನಿಧಾನಕ್ಕೆ ಇಪ್ಪತ್ತು ಎಣಿಸಬೇಕು, ಆಮೇಲೆ ನಿಲ್ಲಬೇಕು.

ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಿಗೂ ಇಂಥದೇ ಗುಣ. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ಗಲಿಬಿಲಿ ಶುರುವಾಗುತ್ತದೆ. ಏಕಾದಶಿಗೆ, ಶನಿವಾರಕ್ಕೆ ಉಪವಾಸ ಮಾಡುವ ಹಿರಿಯರು ಮನೆಮನೆಯಲ್ಲೂ ಇದ್ದಾರೆ. ಯಾವ ದಿನ ಒಪ್ಪೊತ್ತು ಅಂತ ಆಸ್ಪತ್ರೆಯ ಚೀಟಿಯಲ್ಲಿ ಬರೆದಿರುವುದಿಲ್ಲ. ಅದು ಗೊತ್ತಿರುವುದು ಊರವರಿಗೆ.

ಮೂರನೇ ವಾರ ನಡೆದದ್ದನ್ನು ಹೇಳಲೇಬೇಕು. ನಾವು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೇವೆ ಅಂದುಕೊಂಡಿದ್ದೆವು. ಹೊತ್ತುಹೊತ್ತಿಗೆ ಊಟ, ಮೈ ಒರೆಸುವುದು, ಎಲ್ಲ. ಶುಕ್ರವಾರ ಸಿಸ್ಟರ್ ಅಜ್ಜಿಯನ್ನು ಮಗ್ಗುಲಿಗೆ ತಿರುಗಿಸಿ ಸೀರೆ ಸರಿಸಿ ನೋಡಿದರು. ಬೆನ್ನಿನ ಕೆಳಗೆ, ಎರಡು ರೂಪಾಯಿ ನಾಣ್ಯದಷ್ಟು ಜಾಗ ಕಪ್ಪಾಗಿತ್ತು. ಬೆರಳಲ್ಲಿ ಒತ್ತಿದರು. ಒತ್ತಿ ಬಿಟ್ಟಾಗ ಬಣ್ಣ ಬದಲಾಗಲಿಲ್ಲ. ಮುಟ್ಟಿದರೆ ಸುತ್ತಲಿಗಿಂತ ಬಿಸಿ, ಸ್ವಲ್ಪ ಗಟ್ಟಿ. "ಇದು ಹುಣ್ಣಿನ ಶುರು" ಅಂದರು. ಅಮ್ಮ ಅತ್ತರು. ದಿನಾ ಮೈ ಒರೆಸುತ್ತಿದ್ದ ಅಮ್ಮನಿಗೆ ಕಪ್ಪು ಚರ್ಮದ ಮೇಲಿನ ಕಪ್ಪು ಕಲೆ ಕಲೆಯಾಗಿ ಕಂಡಿರಲೇ ಇಲ್ಲ.

ಒತ್ತಡದ ಹುಣ್ಣು ಆಗುವುದು ಕೊಳೆಯಿಂದಲ್ಲ, ಒಂದೇ ಕಡೆ ಭಾರ ಬೀಳುವುದರಿಂದ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯುವುದಿಲ್ಲ. ತಾಸುಗಟ್ಟಲೆ ಹಾಗೇ ಇದ್ದರೆ ಒಳಗಿನಿಂದಲೇ ಸಾಯುತ್ತ ಬರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಒಳಗೆ ಬಾವಿಯಷ್ಟು ಆಗಿರಬಹುದು. ಮದ್ದು ಒಂದೇ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಬೆನ್ನ ಹಿಂದೆ ದಿಂಬು, ಮೊಣಕಾಲುಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲ ಕೆಳಗೆ ಇನ್ನೊಂದು. ಏರ್ ಬೆಡ್ ತಂದಿದ್ದೇವಲ್ಲ ಅಂತ ತಿರುಗಿಸುವುದನ್ನು ಬಿಡಬಾರದು. ಕಪ್ಪಾದ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕಲೇಬಾರದು, ಅದು ನೊಂದ ಮಾಂಸವನ್ನು ಇನ್ನೂ ನೋಯಿಸುತ್ತದೆ. ಎಳೆಯುವಾಗ ಚರ್ಮ ಉಜ್ಜಿಹೋಗದ ಹಾಗೆ ಇಬ್ಬರು ಹಿಡಿದು ಬೆಡ್‌ಶೀಟ್ ಸಮೇತ ಎತ್ತಿ ಸರಿಸಬೇಕು. ಸಿಸ್ಟರ್ ಒಂದು ನೋಟ್‌ಬುಕ್ ತಂದು ಗೋಡೆಯ ಮೊಳೆಗೆ ನೂಲಿನಲ್ಲಿ ಕಟ್ಟಿದರು. ಯಾರು ಯಾವ ಹೊತ್ತಿಗೆ ತಿರುಗಿಸಿದರು ಅಂತ ಅದರಲ್ಲಿ ಬರೆಯಬೇಕಿತ್ತು. ರಾತ್ರಿಯ ಎರಡು ಸರದಿ ನನ್ನದು. ಒಂದು ತಿಂಗಳಲ್ಲಿ ಆ ಕಪ್ಪು ಮಾಸಿತು. ಒಂದು ವಾರ ತಡವಾಗಿದ್ದರೆ ಹುಣ್ಣು ಒಡೆಯುತ್ತಿತ್ತು.

ಊಟದ ವಿಷಯಕ್ಕೆ ಬಂದರೆ, ಕುಚ್ಚಲಕ್ಕಿ ಗಂಜಿ ಉಪ್ಪಿನಕಾಯಿ ನಮ್ಮ ಹಿರಿಯರ ಪ್ರಾಣ. ಹೊಟ್ಟೆಗೆ ಹಿತ, ನುಂಗಲು ಸುಲಭ. ಆದರೆ ಮೂರು ಹೊತ್ತೂ ಅದೇ ಆದರೆ ಪ್ರೋಟೀನ್ ಸಾಲದು, ಉಪ್ಪು ಜಾಸ್ತಿ. ವಯಸ್ಸಾದವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. 45 ಕಿಲೋದವರಿಗೆ 45ರಿಂದ 54 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಮೀನು ತಿನ್ನುವ ಮನೆಯಲ್ಲಿ ಬಂಗುಡೆಯೋ ಬೂತಾಯಿಯೋ ಇದ್ದರೆ ಚಿಂತೆಯಿಲ್ಲ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಹಸಿಮೀನು ದುಬಾರಿ. ಆಗ ಒಣಮೀನು ಚಟ್ನಿ ಬರುತ್ತದೆ, ಜೊತೆಗೆ ಉಪ್ಪು, ಅದರ ಬೆನ್ನಿಗೇ ಬಿಪಿ. ಕಾಲು ಜಾರುವ ಕಾಲ, ಮಾಂಸಖಂಡಕ್ಕೆ ಬಲ ಸಾಲದ ಕಾಲ, ಎರಡೂ ಮಳೆಗಾಲವೇ. ಗಂಜಿಯನ್ನು ಬಿಡಬೇಕಿಲ್ಲ. ಹೆಸರುಕಾಳು ಹಾಕಿ ಬೇಯಿಸಿ, ಪಕ್ಕಕ್ಕೆ ಹುರುಳಿ ಚಟ್ನಿಯೋ ಮೊಟ್ಟೆಯೋ ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ ಮುಂದುವರಿಯಬೇಕು.

ಬೀಳದ ಹಾಗೆ ನೋಡಿಕೊಳ್ಳುವ ವಿದ್ಯೆ ನಮ್ಮವರಿಗೆ ಹೊಸದೇನಲ್ಲ. ಮಳೆ ಶುರುವಾಗುವ ಮೊದಲೇ ಪಾಚಿ ಕಟ್ಟುವ ಅಂಗಳಕ್ಕೆ ಅಡಿಕೆ ಸೋಗೆ, ತೆಂಗಿನ ಮಡಲು ಹಾಸುತ್ತಿದ್ದರು. ಕಾಲಿಗೆ ಹಿಡಿತ ಸಿಗುತ್ತಿತ್ತು. ಈಗ ಅಂಗಳಕ್ಕೆ ಇಂಟರ್‌ಲಾಕ್, ಬಚ್ಚಲಿಗೆ ಹೊಳೆಯುವ ಟೈಲ್ಸ್. ನೋಡಲು ಚಂದ, ಒದ್ದೆಯಾದರೆ ಎಣ್ಣೆ ಸುರಿದ ಹಾಗೆ. ಕಕ್ಕಸಿನ ಗೋಡೆಗೆ ಒಂದು ಹಿಡಿಕೆ, ರಾತ್ರಿಗೆ ಒಂದು ಸಣ್ಣ ಬಲ್ಬು, ಹಾಸಿಗೆ ಪಕ್ಕ ಕಮೋಡ್ ಕುರ್ಚಿ. ನಮ್ಮ ಮನೆಯಲ್ಲಿ ಖರ್ಚಾದದ್ದು ಇಷ್ಟಕ್ಕೇ. ಜೊತೆಗೆ ವ್ಯಾಯಾಮ ಬೇಕು. ಸಮತೋಲನದ ಮತ್ತು ಕಾಲಿನ ಬಲದ ವ್ಯಾಯಾಮದಿಂದ ಹಿರಿಯರು ಬೀಳುವುದು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ತಿಳಿದುಬಂದಿದೆ. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿಳಿಸುವುದು, ಜಗಲಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಅಡ್ಡಡ್ಡ ನಡೆಯುವುದು. ಒಬ್ಬ ಫಿಸಿಯೋಥೆರಪಿಸ್ಟ್ ಒಂದೆರಡು ಸಲ ಬಂದು ಕಲಿಸಿದರೆ ಆಮೇಲೆ ಮೊಮ್ಮಕ್ಕಳೂ ಮಾಡಿಸಬಹುದು.

ಇನ್ನೊಂದು ಮಾತು. ಅರವತ್ತಕ್ಕೆ ಅರಳುಮರಳು ಅನ್ನುತ್ತೇವೆ. ಇದರಿಂದ ಎಷ್ಟು ಹಾನಿಯಾಗಿದೆಯೋ! ನಿನ್ನೆವರೆಗೆ ಸರಿಯಿದ್ದ ಅಜ್ಜ ಇವತ್ತು ಮಗನ ಗುರುತು ಹಿಡಿಯದೆ ಏನೇನೋ ಮಾತಾಡಿದರೆ ಅದು ವಯಸ್ಸಿನ ಕೆಲಸವಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ಮೈಯಲ್ಲಿ ಸೋಡಿಯಂ ಕಡಿಮೆಯಾದದ್ದು, ಹೊಸ ಮಾತ್ರೆ, ಮೂರ್ನಾಲ್ಕು ದಿನದ ಮಲಬದ್ಧತೆ, ಏನು ಬೇಕಾದರೂ ಇರಬಹುದು. ಹಿರಿಯರಲ್ಲಿ ಸೋಂಕು ಇದ್ದರೂ ಕೆಲವೊಮ್ಮೆ ಜ್ವರ ಬರುವುದಿಲ್ಲ, ಗಲಿಬಿಲಿಯೊಂದೇ ಲಕ್ಷಣ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬರುತ್ತದೆ. ದಿಢೀರ್ ಬಂದದ್ದು ಬಹುತೇಕ ಬೇರೆಯೇ. ಅಂಥವರನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈಗೆ ಬಲ ಇಲ್ಲದಾದರೆ, ಎದೆ ಹಿಡಿದುಕೊಂಡರೆ 108ಕ್ಕೆ ಫೋನ್ ಮಾಡಬೇಕು, ಆಶಾ ಬರಲಿ ಅಂತ ಕಾಯಬಾರದು. ಲಕ್ವದಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ಗಂಟೆ ಮಾತ್ರ. ಮನೆ ಆರೈಕೆ ಆಸ್ಪತ್ರೆಯ ಜಾಗ ಹಿಡಿಯುವುದಿಲ್ಲ. ಯಾವಾಗ ಓಡಬೇಕು ಅಂತ ಹೇಳಿಕೊಡುವುದೂ ಅದರ ಕೆಲಸ.

ನೋಡಿಕೊಳ್ಳುವವರನ್ನು ನೋಡುವವರು

ಇಲ್ಲಿಯವರೆಗೆ 'ಮನೆಯವರು' ಅಂತ ಬರೆದೆ. ನಿಜಕ್ಕೂ ಅದು ಒಬ್ಬರು. ಹೆಚ್ಚಾಗಿ ಸೊಸೆ, ಇಲ್ಲವಾದರೆ ಮಗಳು, ಕೆಲವು ಕಡೆ ತಾನೂ ಎಪ್ಪತ್ತು ದಾಟಿದ ಹೆಂಡತಿ. ನಮ್ಮ ಮನೆಯಲ್ಲಿ ಅಮ್ಮ. ದನ, ಅಡುಗೆ, ಬೀಡಿ, ಅದರ ನಡುವೆ ಅಜ್ಜಿ. ಬೀಡಿಯ ಸೂಪು (ಮೊರ) ಮಡಿಲಲ್ಲಿಟ್ಟುಕೊಂಡು, ಎಲೆ ಕತ್ತರಿಸುತ್ತ, ಗಡಿಯಾರ ನೋಡುತ್ತ ಕೂರುತ್ತಿದ್ದರು. ಎರಡು ಗಂಟೆ ಕಳೆದ ಕೂಡಲೇ ಏಳಬೇಕು. ತಿಂಗಳು ಕಳೆಯುವ ಹೊತ್ತಿಗೆ ಅವರ ಸೊಂಟವೇ ಹಿಡಿದುಕೊಂಡಿತ್ತು. ಒಂದು ಶುಕ್ರವಾರ ಸಿಸ್ಟರ್ ಅಜ್ಜಿಯ ಬಿಪಿ ನೋಡಿ, ಯಂತ್ರ ಮಡಚದೆ, "ನೀವು ಕೂತ್ಕೊಳ್ಳಿ ಅಕ್ಕ" ಅಂದರು. ಅಮ್ಮನ ಬಿಪಿ 160 ದಾಟಿತ್ತು. ಆ ದಿನದವರೆಗೆ ಅಮ್ಮ ಹೇಗಿದ್ದಾರೆ ಅಂತ ನಾವು ಯಾರೂ ಕೇಳಿರಲಿಲ್ಲ.

ಒಳ್ಳೆಯ ಮನೆ ಆರೈಕೆ ಇಬ್ಬರ ಲೆಕ್ಕ ಇಡುತ್ತದೆ, ಮಲಗಿದವರದ್ದು ಮತ್ತು ಎಬ್ಬಿಸುವವರದ್ದು. ವಾರಕ್ಕೆ ಒಂದು ಮಧ್ಯಾಹ್ನ ಯಾರಾದರೂ ಬಂದು ಕೂತರೆ ಆ ಹೆಣ್ಣುಮಗಳು ಪೇಟೆಗೆ ಹೋಗಿಬರಬಹುದು, ಮದುವೆಮನೆಗೆ ಹೋಗಬಹುದು, ಇಲ್ಲ ಸುಮ್ನೆ ನಿದ್ದೆ ಮಾಡಬಹುದು. ಇದಕ್ಕೆ ಪದವಿ ಬೇಡ. ಸ್ವಸಹಾಯ ಸಂಘಗಳು ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಗಳಲ್ಲಿ ಮೂಲೆಮೂಲೆಗೂ ಇವೆ. ವಾರದ ಸಭೆ, ಸರದಿ, ಪುಸ್ತಕದಲ್ಲಿ ಲೆಕ್ಕ, ಎಲ್ಲ ಅವರಿಗೆ ಕರತಲಾಮಲಕ. ಅದೇ ಶಿಸ್ತು ಸಾಕು.

ಇದೆಲ್ಲ ಆಗುವ ಹೋಗುವ ಮಾತೇ ಅಂತ ಕೇಳುವವರು ತಲಪಾಡಿ ದಾಟಿ ನೋಡಬೇಕು. ಕೇರಳದ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ನೋವು ನಿವಾರಣೆಯ ಒಂದು ಸಣ್ಣ ಕ್ಲಿನಿಕ್ ಶುರುವಾಯಿತು. ಕ್ಯಾನ್ಸರ್ ರೋಗಿಗಳು ಕ್ಲಿನಿಕ್ಕಿಗೆ ಬರಲಾಗದಾಗ ಅಲ್ಲಿನವರೇ ಮನೆಗೆ ಹೊರಟರು. ಸಾವಿರಾರು ಮನೆಗೆ ಹೋಗುವಷ್ಟು ಡಾಕ್ಟರು ಇರಲಿಲ್ಲ. ಹಾಗಾಗಿ ಊರವರಿಗೇ ತರಬೇತಿ ಕೊಟ್ಟರು. ಆ ದಶಕದ ಕೊನೆಯ ಹೊತ್ತಿಗೆ ಮಲಪ್ಪುರಂ ಕಡೆ ನೆರೆಹೊರೆಯವರ ಜಾಲವೇ ಬೆಳೆಯಿತು. 2008ರಲ್ಲಿ ಕೇರಳ ಸರ್ಕಾರ ಅದಕ್ಕೊಂದು ನೀತಿ ಮಾಡಿತು. ಪಂಚಾಯಿತಿಗಳು ದುಡ್ಡು ತೆಗೆದಿಟ್ಟವು, ನರ್ಸ್‌ಗಳನ್ನು ಇಟ್ಟುಕೊಂಡವು. ಕ್ಯಾನ್ಸರ್ ಇಲ್ಲದೆ ಬರೀ ಮುಪ್ಪಿನಿಂದ, ಲಕ್ವದಿಂದ ಹಾಸಿಗೆ ಹಿಡಿದವರ ಮನೆಗೂ ತಂಡ ಹೋಗತೊಡಗಿತು. ಅದೇ ಮಳೆ, ಅದೇ ಗುಡ್ಡ, ಅದೇ ಚದುರಿದ ಮನೆಗಳು.

ನಮ್ಮಲ್ಲಿ ದುಡ್ಡು ಎಲ್ಲಿ ಸಿಗುತ್ತದೆ ನೋಡಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಮೂಳೆ ಮುರಿದ ಮೇಲೆ ಅದು ಕೈಹಿಡಿಯುತ್ತದೆ. ಮುರಿಯದ ಹಾಗೆ ಬಚ್ಚಲಿಗೆ ಹಾಕುವ ಹಿಡಿಕೆಗೆ ಅದರಲ್ಲಿ ಜಾಗ ಇಲ್ಲ. ಹಿರಿಯರ ಪಿಂಚಣಿ ಸಂಧ್ಯಾ ಸುರಕ್ಷಾದಿಂದ ಬರುವ ತಿಂಗಳ 1,200 ರೂಪಾಯಿ ಹೊಗೆಸೊಪ್ಪಿಗೆ, ಮಾತ್ರೆಗೆ, ಆಟೋಗೆ ಮುಗಿದುಹೋಗುತ್ತದೆ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ದಾರಿದೀಪದ ಮಾತಾಡುತ್ತೇವೆ. ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ, ಒಂಟಿಯಾಗಿರುವವರು ಎಷ್ಟು ಮಂದಿ ಅಂತ ಒಬ್ಬರು ಎದ್ದು ಕೇಳಲಿ. ಪಟ್ಟಿ ಮಾಡಿಸಲಿ. ಪಟ್ಟಿ ಆದರೆ ಯಾವ ಮನೆಗೆ ಯಾವ ದಿನ ಅಂತ ಬರೆಯಬಹುದು. ಹಿರಿಯರು ಮಾಹಿತಿಗೆ, ನೆರವಿಗೆ ಕರೆ ಮಾಡಲು 14567 ಎಂಬ ಸಹಾಯವಾಣಿ ಇದೆ. ಆ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿಡಿ.

ನಮ್ಮ ಮನೆಯ ನೋಟ್‌ಬುಕ್ ಇನ್ನೂ ಅದೇ ಮೊಳೆಯಲ್ಲಿದೆ. ಮೊದಲ ಪುಟಗಳಲ್ಲಿ ಬರೀ ಗಂಟೆ, ಎಡ, ಬಲ. ಆಮೇಲೆ ಊಟ ತಾನೇ ಅಂತ ಬರುತ್ತದೆ. ಅದಾಗಿ ಎರಡು ವಾರಕ್ಕೆ ಕುರ್ಚಿಗೆ ತಾನೇ. ಚೌತಿ ಕಳೆದ ಮೇಲೆ ವಾಕರ್ ಹಿಡಿದು 6 ಹೆಜ್ಜೆ. ನವರಾತ್ರಿಗೆ 15. ಹೊಸ್ತಿಲಿಗೆ ಅಪ್ಪ ಹಲಗೆಯ ಇಳಿಜಾರು ಮಾಡಿಸಿದ ದಿನದ ತಾರೀಕೂ ಇದೆ. ದೀಪಾವಳಿಗೆ ನೀರು ತುಂಬುವ ಸಂಜೆ ಹಂಡೆ ತೊಳೆದು, ಶೇಡಿಮಣ್ಣಿನ ಗೆರೆ ಎಳೆದು, ಹೂವು ಕಟ್ಟಿದ್ದೆವು. ಮರುದಿನ ಬೆಳಗ್ಗೆ ಅಜ್ಜಿ ಹಾಸಿಗೆಯ ಅಂಚಲ್ಲಿ ಕೂತು ಇಪ್ಪತ್ತು ಎಣಿಸಿದರು. ವಾಕರ್ ಹಿಡಿದು ಬಚ್ಚಲಿಗೆ ಹೋದರು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಚೊಂಬು ಕೈಗೆ ತೆಗೆದುಕೊಂಡು, ಅಮ್ಮನಿಗೆ "ನೀನು ಆಚೆ ನಿಲ್ಲು" ಅಂದರು. ಆ ಶುಕ್ರವಾರ ಸಿಸ್ಟರ್ ಬರೆದದ್ದು ಹೀಗಿದೆ: "ಸ್ನಾನ – ತಾನೇ. ಬೆನ್ನಿಗೆ ಮಾತ್ರ ಸೊಸೆ."